ಇರ್ತಲೆ ಹಾವೂ ಬಡವನ ಗಂಟೂ

ಹಾವನ್ನು ಕಂಡರೆ ಕೈಮುಗಿಯುವುದು, ಇಲ್ಲವೆ ದೊಣ್ಣೆಯನ್ನು ಹುಡುಕುವುದು: ನಮ್ಮವರಿಗೆ ಬಹುಕಾಲದಿಂದ ತಿಳಿದಿರುವ ಮಾರ್ಗಗಳು ಈ ಎರಡೇ. ನಾಗರಪಂಚಮಿಯಂದು ಕಲ್ಲಿಗೆ ತನು ಎರೆದ ಕೈಯೇ ಮರುದಿನ ಬಚ್ಚಲ ಮೂಲೆಯ ಕೇರೆಹಾವನ್ನು ಬಡಿದುಹಾಕುತ್ತದೆ. ಈಚೆಗೆ ಮೂರನೆಯ ಮಾರ್ಗವೊಂದು ಹುಟ್ಟಿಕೊಂಡಿದೆ. ಹಾವನ್ನು ಹಿಡಿದು ತಂದು, ಡಬ್ಬಿಯಲ್ಲಿ ಮಣ್ಣು ತುಂಬಿ, ಅದೃಷ್ಟ ಕುದುರಲೆಂದು ಮನೆಯಲ್ಲಿಟ್ಟು ಸಾಕುವುದೇ ಆ ಮಾರ್ಗ. ಹೀಗೆ ಸೆರೆಯಾಗುವ ಬಡಜೀವಿಯೇ ಮಣ್ಣುಮುಕ್ಕ ಅಥವಾ ಇರ್ತಲೆ ಹಾವು. ಇಲ್ಲಿಯ ತಮಿಳರು ಇದನ್ನು ಮಣ್ಣುಳಿ ಪಾಂಬು ಎನ್ನುತ್ತಾರೆ.

ಈ ಹಾವಿಗೆ ಇರುವುದು ಒಂದೇ ತಲೆ. ಬಾಲವು ಮೊಂಡಾಗಿ ತಲೆಯಂತೆಯೇ ತೋರುವುದರಿಂದ ಎರಡು ತಲೆಯ ಭ್ರಮೆ ಹುಟ್ಟಿದೆ. ಶತ್ರು ಎದುರಾದಾಗ ಅದು ನಿಜವಾದ ತಲೆಯನ್ನು ಮೈಯ ಸುರುಳಿಯಲ್ಲಿ ಅಡಗಿಸಿ ಬಾಲವನ್ನು ಮುಂದೊಡ್ಡುತ್ತದೆ. ಪೆಟ್ಟು ಬಿದ್ದರೂ ಬಾಲಕ್ಕೆ ಬೀಳಲಿ, ಪ್ರಾಣ ಉಳಿಯಲಿ ಎಂಬುದು ಪ್ರಕೃತಿ ಕಲಿಸಿದ ಉಪಾಯ. ಕೆಲವು ಹಾವಾಡಿಗರು ಬಾಲದ ತುದಿಗೆ ಬರೆಹಾಕಿ ಕಣ್ಣುಬಾಯಿಗಳ ಗುರುತು ಮೂಡಿಸಿ, ಆರು ತಿಂಗಳು ಈ ಕಡೆಗೆ, ಆರು ತಿಂಗಳು ಆ ಕಡೆಗೆ ಹರಿಯುತ್ತದೆಂಬ ಕಥೆ ಕಟ್ಟಿದರು. ಇದರಲ್ಲಿ ವಿಷವಿಲ್ಲ. ಸಡಿಲ ಮಣ್ಣಿನೊಳಗೆ ಹುದುಗಿದ್ದು, ಇಲಿಯನ್ನು ಹಿಡಿದು ಮೈಯಿಂದ ಬಿಗಿದು ಕೊಂದು ನುಂಗುತ್ತದೆ. ಮೊಟ್ಟೆಯಿಡದೆ ಮರಿಗಳನ್ನೇ ಈಯುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾಟ್ರಿಕ್ ರಸ್ಸೆಲ್ ಎಂಬ ವಿದ್ವಾಂಸನು ಇದಕ್ಕೆ ಶಾಸ್ತ್ರೀಯ ನಾಮವನ್ನಿಟ್ಟಾಗ ತರಂಗಂಬಾಡಿಯಲ್ಲಿದ್ದ ಪಾದ್ರಿ ಸಿ. ಎಸ್. ಜಾನ್ ಅವರ ಹೆಸರನ್ನು ಅದರಲ್ಲಿ ಸೇರಿಸಿದನು. ಎಂದರೆ ಲೋಕದ ವಿಜ್ಞಾನಕ್ಕೆ ಈ ಹಾವಿನ ಪರಿಚಯವಾದದ್ದೇ ತಮಿಳುನಾಡಿನ ಕಡಲತೀರದಿಂದ.

ಇಂಥ ಸಾಧುಪ್ರಾಣಿಗೆ ಲಕ್ಷಗಟ್ಟಲೆ ಬೆಲೆ ಕಟ್ಟಿದವರು ಯಾರು? ಮನೆಯಲ್ಲಿಟ್ಟರೆ ನಿಧಿ ದೊರೆಯುತ್ತದೆ, ಇದರ ಮಾಂಸದಿಂದ ದೊಡ್ಡ ರೋಗಗಳು ವಾಸಿಯಾಗುತ್ತವೆ ಎಂಬ ಮಾತುಗಳನ್ನು ದಳ್ಳಾಳಿಗಳು ಹಬ್ಬಿಸಿದರು. ಇವುಗಳಲ್ಲಿ ಒಂದಕ್ಕೂ ಆಧಾರವಿಲ್ಲ. ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂದು ಹೇಳಿದ್ದರಿಂದ, ಹಾವಿನ ಹೊಟ್ಟೆಗೆ ಪಾದರಸವನ್ನೂ ಲೋಹದ ಗುಂಡುಗಳನ್ನೂ ತುರುಕಿದ ಕ್ರೌರ್ಯವೂ ವರದಿಯಾಗಿದೆ.

ವ್ಯಾಪಾರದ ಬಗೆಯನ್ನು ಸ್ವಲ್ಪ ಯೋಚಿಸಿ ನೋಡೋಣ. ಹೋಟೆಲಿನಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ನಿಂತೇ ದುಡಿಯುವ ಸಪ್ಲೈಯರನೊಬ್ಬನು, ತಂಗಿಯ ಮದುವೆಗೆಂದು, ಊರಿನ ಮನೆಯ ಹೆಂಚು ಹೊದಿಸಲೆಂದು ನಾಲ್ಕು ಕಾಸು ಕೂಡಿಟ್ಟಿದ್ದಾನೆ. ಅವನೆದುರಿಗೆ ಒಬ್ಬನು ಬಂದು, “ಈ ಹಾವನ್ನು ಈಗ ಕೊಂಡರೆ ನಾಳೆ ಇದರ ಹತ್ತರಷ್ಟು ಕೊಡುವ ಗಿರಾಕಿ ಸಿದ್ಧನಿದ್ದಾನೆ” ಎನ್ನುತ್ತಾನೆ. ಗಿರಾಕಿ ಅಷ್ಟು ಸಿದ್ಧನಾಗಿದ್ದರೆ ಹೇಳುವವನೇ ಹೋಗಿ ಮಾರಬಾರದೆ? ಮುಂಗಡ ಕೊಟ್ಟ ಮೇಲೆ ತೂಕ ಸಾಲದೆನ್ನಬಹುದು, ಗಿರಾಕಿ ಊರಲ್ಲಿಲ್ಲವೆನ್ನಬಹುದು. ಮೋಸಹೋದವನು ಠಾಣೆಗೆ ಹೋಗುವಂತೆಯೂ ಇಲ್ಲ. ಹೋದರೆ ತಾನೇ ಅಪರಾಧಿ. ಈ ವ್ಯಾಪಾರಕ್ಕೆ ಇರುವ ದೊಡ್ಡ ಬಂಡವಾಳವೆಂದರೆ ಮೋಸಹೋದವನ ಬಾಯಿಕಟ್ಟೇ.

ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಹಾವನ್ನು ರಕ್ಷಿತ ಪ್ರಾಣಿಗಳಲ್ಲಿ ಸೇರಿಸಿದೆ. ಅದನ್ನು ಹಿಡಿಯುವುದನ್ನೂ ಕಾಯಿದೆ ಬೇಟೆಯೆಂದೇ ಎಣಿಸುತ್ತದೆ. ಕೊಳ್ಳುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ದಂಡ, ಸೆರೆಮನೆಗಳಿಗೆ ದಾರಿ. ‘ಪ್ರೀತಿಯಿಂದ ಸಾಕಿದೆ’ ಎಂಬ ಸಮಾಧಾನವು ನ್ಯಾಯಾಲಯದಲ್ಲಿ ನಡೆಯದು.

ಅಮೆರಿಕ, ಯೂರೋಪುಗಳಲ್ಲಿ ಹಾವು ಸಾಕುವವರಿಲ್ಲವೆ ಎಂದು ಓದುಬರಹ ಬಲ್ಲ ಗುಮಾಸ್ತ ಮಿತ್ರರು ಕೇಳಿಯಾರು. ಇದ್ದಾರೆ. ಮಣ್ಣುಹಾವಿನ ಜಾತಿಗಳಲ್ಲಿ ಅಲ್ಲಿ ಹೆಚ್ಚಾಗಿ ಸಾಕುವುದು ಪೂರ್ವ ಆಫ್ರಿಕದ ಕೀನ್ಯ ಮರಳುಹಾವನ್ನು. ಗಂಡಿನ ಉದ್ದ ಸುಮಾರು ಒಂದೂಕಾಲು ಅಡಿ, ಹೆಣ್ಣಿನದು ಎರಡು ಅಡಿ. ಗಾಜಿನ ಪೆಟ್ಟಿಗೆಯಲ್ಲಿ ಮೂರುನಾಲ್ಕು ಅಂಗುಲ ಮರಳು ಹಾಕಿ, ಒಂದು ಬದಿಯನ್ನು ಬೆಚ್ಚಗೂ ಇನ್ನೊಂದನ್ನು ತಂಪಾಗಿಯೂ ಇಟ್ಟು, ಸತ್ತ ಚಿಟ್ಟಿಲಿಯನ್ನು ಆಹಾರವಾಗಿ ಕೊಡುತ್ತಾರೆ. ಹದಿನೈದು ಇಪ್ಪತ್ತು ವರ್ಷ ಬಾಳಬಲ್ಲ ಆ ಹಾವುಗಳು ಬಹುಮಟ್ಟಿಗೆ ಪೆಟ್ಟಿಗೆಯಲ್ಲಿಯೇ ಹುಟ್ಟಿದವು. ಅದೃಷ್ಟಕ್ಕಾಗಿ ಹೊಲದಿಂದ ಅಗೆದು ತಂದವಲ್ಲ. ನಮ್ಮಲ್ಲಿ 2024ರ ಕೇಂದ್ರ ನಿಯಮಗಳ ಪ್ರಕಾರ, ಅಂತರರಾಷ್ಟ್ರೀಯ ಒಡಂಬಡಿಕೆಯ ಪಟ್ಟಿಯಲ್ಲಿರುವ ಇಂಥ ಹೊರನಾಡಿನ ಪ್ರಾಣಿಗಳಿಗೂ ನೋಂದಣಿ ಬೇಕು. ಆರು ಮಂದಿ ಮಲಗುವ ಕೋಣೆಯಲ್ಲಿ ಟ್ರಂಕು ಇಡಲೇ ಜಾಗವಿಲ್ಲದ ನಮಗೆ ಆ ಹವ್ಯಾಸ ದೂರದ ಮಾತು.

ಹಾವಿನ ಮೇಲೆ ನಿಜವಾದ ಕುತೂಹಲವುಳ್ಳವರಿಗೆ ಚೆನ್ನೈಯಲ್ಲಿ ಕೊರತೆಯಿಲ್ಲ. ರೋಮುಲಸ್ ವಿಟೇಕರ್ ಅವರು ಕಟ್ಟಿದ ಹಾವಿನ ಉದ್ಯಾನವು 1972ರಿಂದ ಗಿಂಡಿಯಲ್ಲಿದೆ. ರಜೆಯ ದಿನ ಅಲ್ಲಿಗೆ ಹೋಗಿ ನೋಡಬಹುದು. 1991ರಲ್ಲಿ ನಮ್ಮ ಪಶ್ಚಿಮ ಕರಾವಳಿಯ ಮಣ್ಣುಹಾವಿನ ಬೇರೊಂದು ಜಾತಿಯನ್ನು ವಿಜ್ಞಾನಿಗಳು ಗುರುತಿಸಿದಾಗ ಅದಕ್ಕೆ ವಿಟೇಕರರ ಹೆಸರನ್ನೇ ಇಟ್ಟರು. ಇನ್ನು ಮಾಮಲ್ಲಪುರದ ದಾರಿಯ ವಡನೆಮ್ಮೇಲಿಯಲ್ಲಿ ಇರುಳರ ಸಹಕಾರ ಸಂಘವಿದೆ. ಹಿಂದೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಈ ಜನ, ಆ ಕಸುಬು ನಿಷಿದ್ಧವಾದ ಮೇಲೆ, 1978ರಲ್ಲಿ ಸಂಘ ಕಟ್ಟಿಕೊಂಡು, ವಿಷದ ಹಾವುಗಳನ್ನು ಹಿಡಿದು ವಿಷ ತೆಗೆದು ಮತ್ತೆ ಬಿಡುವ ಕಾಯಕಕ್ಕೆ ತೊಡಗಿದರು. ಆ ವಿಷದಿಂದಲೇ ಹಾವಿನ ಕಡಿತಕ್ಕೆ ಮದ್ದು ತಯಾರಾಗುತ್ತದೆ. ಇವರಲ್ಲಿ ಮಾಸಿ ಸಡೈಯನ್, ವಡಿವೇಲ್ ಗೋಪಾಲ್ ಎಂಬ ಇಬ್ಬರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಹಾವಿನಿಂದ ಭಾಗ್ಯ ಬರುವುದಾದರೆ ಬರುವುದು ಹೀಗೆ, ವಿದ್ಯೆ ಮತ್ತು ದುಡಿಮೆಗಳ ಮೂಲಕ.

ಒಂದು ಎಚ್ಚರಿಕೆ ಅಗತ್ಯ. ಮಣ್ಣುಹಾವಿನಲ್ಲಿ ಒರಟು ಹುರುಪೆಯ ಇನ್ನೊಂದು ಜಾತಿಯಿದೆ. ಅದರ ಮೈಮೇಲಿನ ಮಚ್ಚೆಗಳು ಘೋರ ವಿಷದ ಕೊಳಕುಮಂಡಲವನ್ನು ಹೋಲುತ್ತವೆ. ಇದು ಸಾಧು ಹಾವೆಂದು ಭಾವಿಸಿ ಮಂಡಲಕ್ಕೆ ಕೈಹಾಕಿದವನ ಗತಿಯನ್ನು ಹೇಳಬೇಕಾಗಿಲ್ಲ. ಆದುದರಿಂದ ಯಾವ ಹಾವನ್ನೂ ಮುಟ್ಟದೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸುವುದೇ ಕ್ಷೇಮ.

ರಜೆಯಲ್ಲಿ ಊರಿಗೆ ಹೋದಾಗ ಗದ್ದೆಯ ಬದುವಿನಲ್ಲಿ ಇರ್ತಲೆ ಹಾವು ಕಂಡರೆ ಅದರ ಪಾಡಿಗೆ ಬಿಟ್ಟುಬಿಡಿ. ಇಲಿಯ ಉಪದ್ರವ ಎಷ್ಟೆಂಬುದನ್ನು ಹೋಟೆಲಿನ ಉಗ್ರಾಣ ನೋಡಿಕೊಳ್ಳುವವರಿಗೆ ಬೇರೆ ಹೇಳಬೇಕಿಲ್ಲ. ಆ ಇಲಿಯನ್ನು ತಿಂದು, ಕಣಜದ ಭತ್ತವನ್ನು ಉಳಿಸಿ, ಸಂಬಳ ಕೇಳದೆ ಅದು ಮಣ್ಣಿನೊಳಗೆ ದುಡಿಯುತ್ತಿದೆ. ಅದು ಕೊಡಬಲ್ಲ ನಿಧಿ ಅದೊಂದೇ. ನಿಮ್ಮ ಗಂಟು ನಿಮ್ಮ ಬ್ಯಾಂಕಿನಲ್ಲಿರಲಿ. ಹಾವು ತನ್ನ ಬಿಲದಲ್ಲಿರಲಿ.