ಕಪಿಲೆಯ ಸೀಮೆಯಲ್ಲಿ ಸೈಕಲ್ ಸವಾರಿ

ನಂಜನಗೂಡಿನಲ್ಲಿ ದಳವಾಯಿ ದೇವರಾಜರು 1735ರಲ್ಲಿ ಕಪಿಲೆಗೆ ಕಟ್ಟಿಸಿದ ಸೇತುವೆಯ ಬಳಿಯಿಂದ ತಿರುಮಕೂಡಲು ನರಸೀಪುರದ ಸಂಗಮದತ್ತ ಸೈಕಲ್ಲಿನಲ್ಲಿ ಹೊರಟವನಿಗೆ ನೆಲ ಬಹುಮಟ್ಟಿಗೆ ಸಮತಟ್ಟು. ನಾಲೆ, ಭತ್ತದ ಗದ್ದೆ, ಕಬ್ಬು. ದಕ್ಷಿಣಕ್ಕೆ ಗುಂಡ್ಲುಪೇಟೆಯ ಹಾದಿ ಹಿಡಿದರೆ ನೆಲ ಮೆಲ್ಲನೆ ಏರುತ್ತ, 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸೀಮೆಯನ್ನು ಮುಟ್ಟುತ್ತದೆ.

ಸೈಕಲ್ ಸವಾರರಿಗೂ ಧರ್ಮಸಭೆಯಲ್ಲಿ ಒಬ್ಬ ಪಾಲಕಿಯಿದ್ದಾಳೆ. ಇಟಲಿಯ ಕೋಮೋ ಸರೋವರದ ಸಮೀಪ, ಕಡಿದಾದ ಏರಿನ ತುದಿಯಲ್ಲಿ ನೆಲೆಸಿರುವ ಗಿಸಾಲೊ ಮಾತೆಯನ್ನು ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1949ರಲ್ಲಿ ಹಾಗೆಂದು ಘೋಷಿಸಿದರು. ಆ ಪುಟ್ಟ ದೇವಾಲಯದಲ್ಲಿ ಹೆಸರಾಂತ ಸವಾರರ ಸೈಕಲ್ಲುಗಳನ್ನು ಹರಕೆಯಂತೆ ತೂಗುಹಾಕಿದ್ದಾರೆ. ಜಿನೊ ಬಾರ್ತಾಲಿಯವರದೂ ಅಲ್ಲಿದೆ. ಮಹಾಯುದ್ಧದ ಕಾಲದಲ್ಲಿ ಈ ಭಕ್ತ ಕಥೋಲಿಕ, ಅಭ್ಯಾಸದ ನೆಪದಲ್ಲಿ ಹೊರಟು, ಯೆಹೂದ್ಯರ ಪ್ರಾಣ ಉಳಿಸುವ ಕಾಗದಗಳನ್ನು ಸೈಕಲ್ಲಿನ ಕೊಳವೆಯಲ್ಲಿ ಅಡಗಿಸಿ ಒಯ್ದರೆಂದು ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ 2013ರಲ್ಲಿ ಅವರನ್ನು ಗೌರವಿಸಿತು.

ನಮ್ಮ ರಸ್ತೆಗಳಲ್ಲಿ ಸೈಕಲ್ ತುಳಿಯುವವರೆಲ್ಲರೂ ಹವ್ಯಾಸಿಗಳಲ್ಲ. ರಾತ್ರಿ ಪಾಳಿ ಮುಗಿಸಿದ ಕಾರ್ಮಿಕ, ಹಾಲಿನ ಕ್ಯಾನು ಕಟ್ಟಿಕೊಂಡ ರೈತ, ಶಾಲೆಯ ಮಕ್ಕಳು. ಹವ್ಯಾಸ ಬೇರೆ, ಅಗತ್ಯ ಬೇರೆ ಎಂದು ತತ್ತ್ವಶಾಸ್ತ್ರ ವಿಂಗಡಿಸೀತು. ಕಬ್ಬಿನ ಲಾರಿ ವಿಂಗಡಿಸುವುದಿಲ್ಲ. ಭಾನುವಾರದ ಬಲಿಪೂಜೆಗೆ ಹೊತ್ತಾಯಿತೆಂದು ಕಾರು ಓಡಿಸುವ ನಾವೂ ಅಷ್ಟೇ. ಸೈಕಲ್ಲಿಗೆ ಒಂದೆರಡು ಮೊಳ ಜಾಗ ಬಿಟ್ಟು ಮುಂದೆ ಹೋಗೋಣ. ಮನೆಯ ಮಕ್ಕಳ ಸೈಕಲ್ಲಿನ ಹಿಂದೆ ಕೆಂಪು ದೀಪವಿದೆಯೇ ಎಂದು ಇಂದು ಸಂಜೆಯೇ ನೋಡಿರಿ.