ಪಿಂಗಾಣಿ ಹಲ್ಲಿನ ಬಣ್ಣ: ಮರೆಯಲ್ಲಿರುವ ಸಿಮೆಂಟಿನ ಮಹಿಮೆ

ನಗುಮೊಗವೇ ಮನೆಗೆ ಬೆಳಕು. ಆ ನಗುವಿಗೆ ಶೋಭೆ ತರುವುದು ದಂತಪಂಕ್ತಿ. ಮುಂಭಾಗದ ಒಂದೇ ಹಲ್ಲು ಕಪ್ಪಾದರೂ ಮನುಷ್ಯ ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡತೊಡಗುತ್ತಾನೆ.

ಗುಂಡ್ಲುಪೇಟೆ ಕಡೆಯ ನಮ್ಮ ಪರಿಚಿತ ಕುಟುಂಬವೊಂದರ ಹೆಣ್ಣುಮಗಳ ಸ್ಥಿತಿಯೂ ಇದೇ ಆಗಿತ್ತು. ಬಾಲ್ಯದಲ್ಲಿ ಜಗುಲಿಯಿಂದ ಬಿದ್ದು ಪೆಟ್ಟಾದ ಮುಂಬಲ್ಲು ವರುಷಗಳು ಕಳೆದಂತೆ ಕಪ್ಪಿಟ್ಟಿತು. ಮದುವೆಯ ಮಾತುಕತೆ ಮೊದಲಾದಾಗ ತಂದೆಯವರು ಅರಿಸಿನದ ಫಸಲಿನ ಹಣದಿಂದ, ಪಟ್ಟಣವೊಂದರಲ್ಲಿ ಆ ಹಲ್ಲಿಗೆ ತೆಳುವಾದ ಪಿಂಗಾಣಿಯ ಹೊದಿಕೆ ಹಾಕಿಸಿದರು. ಕೈಯಲ್ಲಿ ಹಿಡಿದು ನೋಡಿದಾಗ ಬಣ್ಣ ಪಕ್ಕದ ಹಲ್ಲಿಗೆ ಒಪ್ಪುವಂತಿತ್ತು. ಅಂಟಿಸಿದ ಮೇಲೆ ನೋಡಿದರೆ ಬೂದುಛಾಯೆ! ಪಿಂಗಾಣಿಯೇ ಕಳಪೆಯೆಂದು ಮನೆಯವರು ನೊಂದುಕೊಂಡರು. ಆದರೆ ದೋಷ ಪಿಂಗಾಣಿಯದಾಗಿರಲಿಲ್ಲ.

ಮಣ್ಣಿನ ಗೋಡೆಗೆ ತೆಳುವಾಗಿ ಸುಣ್ಣ ಬಳಿದರೆ ಒಳಗಿನ ಕೆಂಪು ಇಣುಕುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಸಹಜವಾದ ಹಲ್ಲಿನಂತೆ ಪಿಂಗಾಣಿಯೂ ಬೆಳಕನ್ನು ಸ್ವಲ್ಪಮಟ್ಟಿಗೆ ಒಳಬಿಡುತ್ತದೆ. ಅದರ ಜೀವಂತಿಕೆಯ ಗುಟ್ಟೇ ಅದು. ಒಳಹೊಕ್ಕ ಬೆಳಕು ಸಿಮೆಂಟನ್ನೂ ಅದರಡಿಯ ಹಲ್ಲನ್ನೂ ತಾಕಿ ಹಿಂದಿರುಗುತ್ತದೆ. ಹೀಗೆ ನಮ್ಮ ಕಣ್ಣಿಗೆ ಬೀಳುವ ಬಣ್ಣ ಪಿಂಗಾಣಿ, ಸಿಮೆಂಟು, ಹಲ್ಲು ಈ ಮೂರೂ ಸೇರಿದ ಬಣ್ಣ. ಹೊದಿಕೆ ಅರ್ಧ ಮಿಲಿಮೀಟರಿನಷ್ಟು ತೆಳುವಾಗಿದ್ದರೆ ಸಿಮೆಂಟಿನ ಪ್ರಭಾವ ಎದ್ದು ಕಾಣುತ್ತದೆ. ಸುಮಾರು 2 ಮಿಲಿಮೀಟರ್ ದಪ್ಪವಿದ್ದರೆ ಬಹುಮಟ್ಟಿಗೆ ಮರೆಯಾಗುತ್ತದೆ. ಒಳಗೆ ಲೋಹವಿರುವ ಕ್ಯಾಪುಗಳಲ್ಲಿ ಬೆಳಕು ದಾಟುವುದೇ ಇಲ್ಲವಾದ್ದರಿಂದ ಈ ತೊಡಕು ಇಲ್ಲ.

ದಂತವೈದ್ಯರು ಬಳಸುವ ಸಿಮೆಂಟುಗಳು ಹಲವು. ನೂರು ವರುಷಗಳಿಗೂ ಹೆಚ್ಚು ಕಾಲದಿಂದ ಬಳಕೆಯಲ್ಲಿರುವ ಜಿಂಕ್ ಫಾಸ್ಫೇಟ್ ಬೆಳಕನ್ನು ಒಳಬಿಡದು. ಲೋಹದ ಕ್ಯಾಪುಗಳಿಗೆ ಅದು ತಕ್ಕುದು, ತೆಳುವಾದ ಪಿಂಗಾಣಿಗೆ ಸಲ್ಲದು. ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಪ್ರಕಟಿಸಿದ ಗ್ಲಾಸ್ ಅಯನೋಮರ್ ಇನ್ನೊಂದು. ತೆಳುವಾದ ಹೊದಿಕೆಗಳಿಗೆ ಒಪ್ಪುವುದು ರೆಸಿನ್ ಸಿಮೆಂಟು. ಪಾರದರ್ಶಕ, ಬಿಳಿ, ಹಳದಿಛಾಯೆ, ಅಪಾರದರ್ಶಕ ಎಂದು ಇದರಲ್ಲಿ ಬಗೆಬಗೆಯ ಬಣ್ಣಗಳುಂಟು.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ಕೇವಲ ಬೆಳಕಿನಿಂದ ಗಟ್ಟಿಯಾಗುವ ರೆಸಿನ್ ಸಾಮಾನ್ಯವಾಗಿ ಬಹುಕಾಲ ಬಣ್ಣ ಉಳಿಸಿಕೊಳ್ಳುತ್ತದೆ. ರಾಸಾಯನಿಕ ಕ್ರಿಯೆಯಿಂದಲೂ ಗಟ್ಟಿಯಾಗುವ ಬಗೆಯಲ್ಲಿ ಅಮೈನ್ ಎಂಬ ವಸ್ತುವಿದ್ದರೆ ಅದು ಕಾಲಕ್ರಮದಲ್ಲಿ ಹಳದಿಗೆ ತಿರುಗಬಹುದು. ಆದರೆ ದಪ್ಪನೆಯ ಕ್ಯಾಪಿನೊಳಕ್ಕೆ ಬೆಳಕು ಸಾಲದಿದ್ದಾಗ ಎರಡನೆಯ ಬಗೆಯೇ ಅನಿವಾರ್ಯ. ಅಮೈನ್ ಇಲ್ಲದ ಸಿಮೆಂಟುಗಳೂ ಈಗ ದೊರೆಯುತ್ತವೆ. ಅಂಚಿನಲ್ಲಿ ಸಿಮೆಂಟು ಹೊರಕ್ಕೆ ಕಾಣುವಂತಿದ್ದರೆ ಕಾಫಿ, ಚಹಾ, ಎಲೆಅಡಿಕೆ, ಅರಿಸಿನಗಳ ಕಲೆ ಅಲ್ಲಿ ಹಿಡಿಯುತ್ತದೆ.

ತೀರಾ ಕಪ್ಪಾದ ಹಲ್ಲನ್ನು ಸಿಮೆಂಟೊಂದೇ ಮರೆಮಾಡಲಾರದು. ಹಲ್ಲನ್ನು ಮೊದಲು ಬಿಳುಪುಗೊಳಿಸಬೇಕು, ಇಲ್ಲವೇ ಹೆಚ್ಚು ಅಪಾರದರ್ಶಕವಾದ ಪಿಂಗಾಣಿ ಆರಿಸಬೇಕು. ಆ ಹೆಣ್ಣುಮಗಳಿಗೆ ಕೊರತೆಯಾದುದು ಇದೇ. ಒಮ್ಮೆ ಅಂಟಿದ ಹೊದಿಕೆಯನ್ನು ಸಾಮಾನ್ಯವಾಗಿ ಇಡಿಯಾಗಿ ಬಿಡಿಸಲಾಗದು, ಅರೆದು ತೆಗೆಯಬೇಕು. ಹಾಗೆಯೇ ತೆಗೆಸಿ, ಮತ್ತೊಮ್ಮೆ ಹಣ ತೆತ್ತು ಹೊಸದನ್ನು ಹಾಕಿಸಬೇಕಾಯಿತು. ಈಗ ಆಕೆ ಕೈ ಅಡ್ಡವಿಡದೆ ನಗುತ್ತಾಳೆ.

ಆದಕಾರಣ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಬಣ್ಣ ಆರಿಸುವುದು ಹಗಲಿನ ಬೆಳಕಿನಲ್ಲಿ, ಚಿಕಿತ್ಸೆಯ ಆರಂಭದಲ್ಲಿಯೇ ಆಗಲಿ. ಬಹಳ ಹೊತ್ತು ಬಾಯಿ ತೆರೆದಿದ್ದರೆ ಹಲ್ಲು ಒಣಗಿ ಇದ್ದುದಕ್ಕಿಂತ ಬೆಳ್ಳಗೆ ತೋರುತ್ತದೆ. ಅಂಟಿಸುವ ಮುನ್ನ, ಸಿಮೆಂಟಿನ ಬಣ್ಣವನ್ನೇ ಹೋಲುವ, ನೀರಿನಲ್ಲಿ ತೊಳೆದುಹೋಗುವ ಪರೀಕ್ಷಾ ಲೇಪನವನ್ನಿಟ್ಟು ಕನ್ನಡಿಯಲ್ಲಿ ತೋರಿಸುವಂತೆ ವೈದ್ಯರನ್ನು ಕೇಳಿರಿ. ಗಟ್ಟಿಯಾದ ಸಿಮೆಂಟಿನ ಬಣ್ಣ ಅದಕ್ಕಿಂತ ಕೊಂಚ ಭಿನ್ನವಾಗಬಹುದಾದರೂ ದೊಡ್ಡ ತಪ್ಪು ಆಗಲೇ ತಿಳಿದುಬಿಡುತ್ತದೆ. ಮನೆಯ ಹಿರಿಯರೊಬ್ಬರು ಜೊತೆಗಿದ್ದು ನೋಡಿದರೆ ಇನ್ನೂ ಒಳಿತು.

ಸಂದೇಹವಿದ್ದಲ್ಲಿ ಎರಡನೆಯ ಅಭಿಪ್ರಾಯ ಪಡೆಯಲು ಹಿಂಜರಿಯಬಾರದು. ಚಾಮರಾಜನಗರ, ಗುಂಡ್ಲುಪೇಟೆಗಳಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಲ್ಲಿ, ಸುತ್ತೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1986ರಲ್ಲಿ ಸ್ಥಾಪಿಸಿದ ದಂತವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಅಂಟಿಸುವ ಮುನ್ನ ಕೇಳುವ ಒಂದು ಪ್ರಶ್ನೆ, ಅಂಟಿಸಿದ ಮೇಲಿನ ನೂರು ಪರಿತಾಪಗಳನ್ನು ತಪ್ಪಿಸುತ್ತದೆ.