ಗೆಳೆಯರೊಳಗಿನ ಫೈಲು ಹಂಚಿಕೆ: ನಂಬಿಕೆ ಒಂದು, ನಿಜ ಇನ್ನೊಂದು

ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಒಳ್ಳೆಯ ಗುಣಮಟ್ಟದಲ್ಲಿ ಚಿತ್ರೀಕರಿಸಿದರೆ ಫೈಲು ಹತ್ತಾರು ಜಿಬಿ ಆಗುತ್ತದೆ. ವಾಟ್ಸಾಪ್‌ನಲ್ಲಿ ವಿಡಿಯೊ ಎಂದೇ ಕಳಿಸಿದರೆ ಅದು ಕುಗ್ಗಿ, ಮುಖವರ್ಣಿಕೆಯ ನವಿರೆಲ್ಲ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಮಾಡಿ ಕಳಿಸೋಣವೆಂದರೆ 2 ಜಿಬಿಯ ಮಿತಿ. ಗೂಗಲ್‌ನ ಉಚಿತ ಖಾತೆಯಲ್ಲಿ ಮೇಲ್, ಫೋಟೊ, ಡ್ರೈವ್ ಎಲ್ಲ ಸೇರಿ ಸಿಗುವುದು 15 ಜಿಬಿ. ಉಡುಪಿ, ಬೆಂಗಳೂರು, ದುಬೈಗಳಲ್ಲಿ ಚದುರಿರುವ ನಾಲ್ಕೈದು ಯಕ್ಷಗಾನಪ್ರಿಯರು ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರ ಕಂಪ್ಯೂಟರಿಗೆ ನೇರವಾಗಿ ಹಂಚಿಕೊಳ್ಳುವ ದಾರಿ ಹುಡುಕಿದರೆ ಆಶ್ಚರ್ಯವಿಲ್ಲ. ಪೀರ್-ಟು-ಪೀರ್ ಎಂಬ ಆ ದಾರಿ ಚೆನ್ನಾಗಿಯೇ ಇದೆ. ಆದರೆ ಅದರ ಸುತ್ತ ಬೆಳೆದ ನಂಬಿಕೆಗಳು ಕೆಲವರನ್ನು ಸುಮ್ಮನೆ ಹೆದರಿಸುತ್ತವೆ, ಕೆಲವರನ್ನು ಅತಿಯಾಗಿ ನಿಶ್ಚಿಂತರನ್ನಾಗಿಸುತ್ತವೆ. ಹೆಚ್ಚು ಹಾನಿ ಮಾಡುವುದು ಈ ಎರಡನೆಯದು.

ಹೆದರಿಕೆಯನ್ನು ಮೊದಲು ನೋಡೋಣ. "ಟೊರೆಂಟ್, ಪೀರ್-ಟು-ಪೀರ್ ಅಂದರೆ ಪೈರಸಿ, ಅದೇ ಅಪರಾಧ" ಎಂಬ ಮಾತು 1999ರಲ್ಲಿ ಹುಟ್ಟಿ 2001ರಲ್ಲಿ ಮುಚ್ಚಿಹೋದ ನ್ಯಾಪ್‌ಸ್ಟರ್ ಕಾಲದಿಂದಲೂ ಉಳಿದುಕೊಂಡಿದೆ. ನಿಜವೆಂದರೆ, ತಂತ್ರ ಅಪರಾಧವಲ್ಲ. ಡೆಬಿಯನ್, ಉಬುಂಟು ಮುಂತಾದ ಲಿನಕ್ಸ್ ಯೋಜನೆಗಳು ತಮ್ಮ ತಂತ್ರಾಂಶವನ್ನು ಅಧಿಕೃತವಾಗಿಯೇ ಟೊರೆಂಟ್ ಮೂಲಕ ಕೊಡುತ್ತವೆ. ಏನನ್ನು ಹಂಚುತ್ತೀರಿ ಎಂಬುದರ ಮೇಲೆ ಕಾನೂನಿನ ಪ್ರಶ್ನೆ ನಿಲ್ಲುತ್ತದೆ. "ನಾವು ಐದೇ ಜನ, ನಮಗೆ ಕಾನೂನು ಅನ್ವಯಿಸದು" ಎಂಬುದೂ ಅಷ್ಟೇ ತಪ್ಪು. ಗುಂಪು ಚಿಕ್ಕದೆಂಬ ಒಂದೇ ಕಾರಣಕ್ಕೆ ಹೊಸ ಸಿನಿಮಾದ ಪ್ರತಿ ಹಂಚುವುದು ಸಕ್ರಮವಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ಇಳಿಸಬಹುದು. ನೀವೇ ಚಿತ್ರೀಕರಿಸಿದ ಆಟವಾದರೂ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿರುತ್ತದೆ. ಮೇಳದವರನ್ನು ಒಂದು ಮಾತು ಕೇಳಿ ಒಪ್ಪಿಗೆ ಪಡೆಯುವುದು ಕಾನೂನಿಗೂ ಸರಿ, ಕಲೆಗೆ ತೋರುವ ಗೌರವವೂ ಹೌದು.

"ಪ್ರೈವೇಟ್ ಟೊರೆಂಟ್ ಮಾಡಿದ್ದೇವೆ, ಯಾರಿಗೂ ಕಾಣದು" ಎನ್ನುವವರಿದ್ದಾರೆ. ಟೊರೆಂಟ್ ತಯಾರಿಸುವಾಗ ಆ ಗುರುತು ಹಾಕಿದರೆ ಆಗುವುದು ಇಷ್ಟೇ: ಸಾರ್ವಜನಿಕ ಜಾಲದಲ್ಲಿ ಜೊತೆಗಾರರನ್ನು ಹುಡುಕಬೇಡ, ಜೊತೆಗಾರರ ಪಟ್ಟಿ ಇಡುವ ಟ್ರ್ಯಾಕರ್ ಸರ್ವರ್ ಹೇಳಿದವರ ಜೊತೆ ಮಾತ್ರ ಮಾತಾಡು ಎಂದು ತಂತ್ರಾಂಶಕ್ಕೆ ಸೂಚನೆ ಹೋಗುತ್ತದೆ. ಫೈಲಿಗೆ ಅದರಿಂದ ಗೂಢಲಿಪಿಯ ರಕ್ಷಣೆ ಬರುವುದಿಲ್ಲ. ಗುಂಪಿಗೆ ಅಂಥ ರಕ್ಷಣೆ ಬೇಕಿದ್ದರೆ ಅದಕ್ಕೆಂದೇ ಕಟ್ಟಿದ ಸಾಧನ ಬಳಸಬೇಕು. ನಾನು ಧೈರ್ಯವಾಗಿ ಹೇಳಬಲ್ಲದ್ದು ಸಿಂಕ್‌ಥಿಂಗ್. ಅದು ಉಚಿತ, ಅದರ ಮೂಲಸಂಕೇತ ಎಲ್ಲರಿಗೂ ಮುಕ್ತ. ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಫೋಲ್ಡರ್ ಇದ್ದು, ಒಂದರಲ್ಲಾದ ಬದಲಾವಣೆ ಉಳಿದವಕ್ಕೆ ಹರಿಯುತ್ತದೆ.

"ಅದಕ್ಕೆ ಸ್ಥಿರ ಐಪಿ ವಿಳಾಸ ಬೇಕು, ರೂಟರ್ ಸೆಟ್ಟಿಂಗ್ ಬದಲಿಸಬೇಕು" ಎಂಬ ಅಳುಕು ಸಾಮಾನ್ಯ. ನಮ್ಮಲ್ಲಿ ಎಷ್ಟೋ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಒಂದೇ ಹೊರ ವಿಳಾಸ ಇರುವುದರಿಂದ ಆ ಅಳುಕಿಗೆ ಕಾರಣವೂ ಇದೆ. ಆದರೆ ಸಿಂಕ್‌ಥಿಂಗ್ ತಾನೇ ದಾರಿ ಹುಡುಕುತ್ತದೆ: ಒಂದೇ ವೈಫೈಯಲ್ಲಿದ್ದರೆ ನೇರವಾಗಿ, ದೂರದಲ್ಲಿದ್ದರೆ ವಿಳಾಸ ತಿಳಿಸುವ ಡಿಸ್ಕವರಿ ಸರ್ವರ್ ನೆರವಿನಿಂದ, ಎರಡೂ ಸಾಗದಿದ್ದರೆ ಸ್ವಯಂಸೇವಕರು ನಡೆಸುವ ರಿಲೇ ಮೂಲಕ. ರಿಲೇ ನಿಧಾನ, ಹತ್ತಾರು ಜಿಬಿಗೆ ತಾಳ್ಮೆ ಬೇಕು. ಇಲ್ಲಿ ಇನ್ನೊಂದು ನಂಬಿಕೆಯನ್ನೂ ತಿದ್ದಬೇಕು. "ನಡುವೆ ಯಾರೂ ಇಲ್ಲ" ಎಂಬುದು ಪೂರ್ತಿ ನಿಜವಲ್ಲ. ರಿಲೇಗೆ ನಿಮ್ಮ ಫೈಲಿನ ಒಳಗು ಕಾಣದು, ಆದರೆ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹರಿಯಿತು ಎಂಬುದು ಕಾಣುತ್ತದೆ. ಅದೂ ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ ಡಿಸ್ಕವರಿ, ರಿಲೇ ಎರಡನ್ನೂ ನಿಲ್ಲಿಸಬಹುದು. ಆಗ ಮಾತ್ರ ವಿಳಾಸ, ರೂಟರ್‌ಗಳ ಚಿಂತೆ ನಿಮ್ಮ ಪಾಲಿಗೇ ಬರುತ್ತದೆ.

ಸಾಧನದ ಐಡಿಯನ್ನು ಪಾಸ್‌ವರ್ಡ್‌ನಂತೆ ಬಚ್ಚಿಡುವವರಿಗೆ ಒಂದು ಮಾತು. ಏಳೇಳು ಅಕ್ಷರಗಳ ಎಂಟು ಗುಂಪಿನ ಆ ಐಡಿ, ನಿಮ್ಮ ಕಂಪ್ಯೂಟರ್ ಎಲ್ಲರಿಗೂ ತೋರಿಸುವ ಪ್ರಮಾಣಪತ್ರದ ಬೆರಳಚ್ಚು ಮಾತ್ರ. ಇನ್ನೊಬ್ಬರಿಗೆ ಅದು ಸಿಕ್ಕರೂ ನೀವು ಅವರ ಐಡಿಯನ್ನು ಒಪ್ಪಿಕೊಳ್ಳುವ ತನಕ ಫೋಲ್ಡರಿನೊಳಗೆ ಬರಲಾರರು. ನಿಮ್ಮ ಗೆಳೆಯನ ಹೆಸರಲ್ಲಿ ಬೇರೊಬ್ಬರು ಕಳಿಸಿದ ಐಡಿಯನ್ನು ನೀವು ಒಪ್ಪಿಕೊಂಡುಬಿಡುವುದೇ ನಿಜವಾದ ಅಪಾಯ. ಮೊದಲ ಸಲ ಫೋನಿನಲ್ಲಿ ಓದಿಸಿ ಹೋಲಿಸಿಕೊಳ್ಳಿ.

ಗೂಢಲಿಪಿ ಇದೆಯೆಂದು ಎಲ್ಲವೂ ಭದ್ರ ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಆ ರಕ್ಷಣೆ ದಾರಿಯಲ್ಲಿರುವಾಗ ಮಾತ್ರ. ಗೆಳೆಯನ ಡಿಸ್ಕಿಗೆ ತಲುಪಿದ ಮೇಲೆ ಅದು ಎಲ್ಲ ಫೈಲಿನಂತೆ ಒಂದು ಫೈಲು. ಅವನ ಲ್ಯಾಪ್‌ಟಾಪ್ ಕಳುವಾದರೆ ಕದ್ದವನ ಕೈಗೂ ಸಿಗಬಹುದು. ಮುಂದೊಂದು ದಿನ ಅವನನ್ನು ಪಟ್ಟಿಯಿಂದ ತೆಗೆದರೆ ಹೊಸದು ಹೋಗುವುದಿಲ್ಲ ಅಷ್ಟೆ, ಹೋದದ್ದು ವಾಪಸು ಬರುವುದಿಲ್ಲ. ಒಂದು ಪ್ರತಿಯನ್ನು ಗೆಳೆಯನ ಬಳಿ ಇಡಬೇಕು, ಆದರೆ ಅವನಿಗೂ ಕಾಣಬಾರದು ಎಂಬಂಥ ಕುಟುಂಬದ ದಾಖಲೆಗಳಿಗೆ ಸಿಂಕ್‌ಥಿಂಗ್‌ನಲ್ಲಿ ಬೇರೆ ಏರ್ಪಾಡಿದೆ: ಪಾಸ್‌ವರ್ಡ್ ಹಾಕಿ ಹಂಚಿದರೆ ಅವನ ಡಿಸ್ಕಿನಲ್ಲಿ ಓದಲಾಗದ ರೂಪವೇ ಕೂರುತ್ತದೆ.

ಎಲ್ಲಕ್ಕಿಂತ ನನಗೆ ಆತಂಕ ತರುವುದು ಈ ಮಾತು: "ಐದು ಮನೆಯಲ್ಲಿ ಐದು ಪ್ರತಿ ಇದೆ, ಬ್ಯಾಕಪ್ ಯಾಕೆ?" ಇದನ್ನು ನಂಬಿ ಮೂಲವನ್ನೇ ಕಳೆದುಕೊಳ್ಳಬಹುದು. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಒಬ್ಬರ ಯಂತ್ರಕ್ಕೆ ರಾನ್ಸಮ್‌ವೇರ್ ಹೊಕ್ಕು ಫೈಲುಗಳನ್ನು ಕೆಡಿಸಿದರೆ ಆ ಕೆಟ್ಟ ರೂಪವೂ ಅಷ್ಟೇ ನಿಷ್ಠೆಯಿಂದ ಎಲ್ಲರಿಗೂ ತಲುಪುತ್ತದೆ. ಹಳೆಯ ಆವೃತ್ತಿಯನ್ನು ಉಳಿಸಿಡುವ ವರ್ಷನಿಂಗ್ ಸೌಲಭ್ಯ ಇದೆ, ಆದರೆ ತಾನಾಗಿ ಚಾಲೂ ಇರುವುದಿಲ್ಲ. ಹಲವರು ತಪ್ಪು ತಿಳಿಯುವುದು ಮುಂದಿನದನ್ನು: ನಿಮ್ಮ ಯಂತ್ರದಲ್ಲಿ ಅದನ್ನು ಹಾಕಿದರೆ, ಬೇರೆಯವರಿಂದ ಬಂದ ಬದಲಾವಣೆ ಅಳಿಸುವ ಅಥವಾ ಬದಲಿಸುವ ಫೈಲನ್ನು ಮಾತ್ರ ಅದು ಎತ್ತಿಡುತ್ತದೆ. ನೀವೇ ಕೈತಪ್ಪಿ ಅಳಿಸಿದ್ದನ್ನು ನಿಮ್ಮ ವರ್ಷನಿಂಗ್ ಕಾಯುವುದಿಲ್ಲ, ಗೆಳೆಯನದು ಕಾಯಬೇಕು. ಆದ್ದರಿಂದ ಕನಿಷ್ಠ ಇಬ್ಬರ ಯಂತ್ರಗಳಲ್ಲಾದರೂ ಅದು ಚಾಲೂ ಇರಲಿ. ಚಿತ್ರೀಕರಿಸಿದವರ ಫೋಲ್ಡರನ್ನು ಕಳಿಸುವುದಕ್ಕಷ್ಟೇ, ಉಳಿದವರದನ್ನು ಪಡೆಯುವುದಕ್ಕಷ್ಟೇ ಎಂದು ಹೊಂದಿಸಿ. ನೋಡುಗರಲ್ಲಿ ಯಾರೋ ಅಳಿಸಿದರೆ ಮೂಲಕ್ಕೆ ಧಕ್ಕೆಯಾಗದು. ಇಷ್ಟಾದ ಮೇಲೂ ಮೂಲ ಚಿತ್ರಿಕೆಯ ಒಂದು ಪ್ರತಿ, ಸಿಂಕ್‌ಗೆ ಸೇರದ, ತಂತಿ ಬಿಚ್ಚಿಟ್ಟ ಹಾರ್ಡ್ ಡಿಸ್ಕಿನಲ್ಲಿರಬೇಕು.

ಮೊಬೈಲಿನಲ್ಲೇ ಎಲ್ಲ ಆಗುತ್ತದೆಂದು ಎಣಿಸಬೇಡಿ. ಆಂಡ್ರಾಯ್ಡ್‌ನ ಅಧಿಕೃತ ಸಿಂಕ್‌ಥಿಂಗ್ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿತು. ಅದರ ಕವಲೊಂದನ್ನು ಬೇರೆಯವರು ಮುಂದುವರಿಸಿದ್ದಾರೆ. ಕಳಿಸುವವರು, ಪಡೆಯುವವರು ಇಬ್ಬರ ಯಂತ್ರಗಳೂ ಒಂದೇ ಹೊತ್ತಿಗೆ ಚಾಲೂ ಇರಬೇಕಾದ್ದರಿಂದ, ಗುಂಪಿನಲ್ಲಿ ಒಬ್ಬರ ಮನೆಯ ಹಳೆಯ ಕಂಪ್ಯೂಟರ್ ಸದಾ ಎಚ್ಚರವಿದ್ದರೆ ಸಾಕು, ದುಬೈಯವರೂ ಉಡುಪಿಯವರೂ ತಮ್ಮ ಹೊತ್ತಿಗೆ ಬಂದು ಪಡೆಯುತ್ತಾರೆ.

ಎಲ್ಲ ಹೊಂದಿಸಿದ ಮೇಲೆ, ನಿಜವಾದ ರೆಕಾರ್ಡಿಂಗ್ ಹಾಕುವ ಮುನ್ನ, ಬೇಡದ ಒಂದು ಫೈಲನ್ನು ಚಿತ್ರೀಕರಿಸಿದವರ ಫೋಲ್ಡರಿಗೆ ಹಾಕಿ, ಅದು ಎಲ್ಲರಿಗೂ ತಲುಪಲಿ. ಆಮೇಲೆ ಅದೇ ಫೋಲ್ಡರಿನಿಂದ ಅಳಿಸಿ. ವರ್ಷನಿಂಗ್ ಹಾಕಿಕೊಂಡ ಗೆಳೆಯರು ತಮ್ಮ ಯಂತ್ರದ ಹಳೆಯ ಆವೃತ್ತಿಗಳ ಫೋಲ್ಡರ್ ತೆರೆದು ಅದನ್ನು ಅಲ್ಲಿಂದ ಮತ್ತೆ ಹೊರತೆಗೆಯಬಲ್ಲರೇ ಎಂದು ನೋಡಲಿ. ಸಿಗದಿದ್ದರೆ ವರ್ಷನಿಂಗ್ ಎಲ್ಲಿ ತಪ್ಪಿದೆಯೆಂದು ಅವತ್ತೇ ಸರಿಪಡಿಸಿಕೊಳ್ಳಬಹುದು.